ಓದಿನ ಮಧ್ಯೆ ಒಂದು ಟರ್ಮ್ ಹೊರದೇಶದಲ್ಲಿ: ಹೋಗಿ ಬಂದವರು ಏನಂತಾರೆ?

ಪ್ರಶ್ನೆ: ಎಂಬಿಎ ಮೊದಲ ವರ್ಷದಲ್ಲಿದ್ದೇನೆ. ನಮ್ಮಲ್ಲಿ ಎಕ್ಸ್‌ಚೇಂಜ್ ಟರ್ಮ್ (ಒಂದು ಟರ್ಮ್ ಹೊರದೇಶದ ಕಾಲೇಜಿನಲ್ಲಿ ಓದುವುದು), ಒಂದು ವಾರದ ಸ್ಟಡಿ ಟೂರ್, ಡಬಲ್ ಡಿಗ್ರಿ (ಇಲ್ಲಿಯದೊಂದು, ಹೊರದೇಶದ್ದೊಂದು, ಎರಡು ಪದವಿ) ಮೂರೂ ಇವೆ. ಮುಂದೆ ಹೊರದೇಶದಲ್ಲೇ ಕೆಲಸ ಮಾಡುವ ಆಸೆ. ಯಾವುದನ್ನು ಹಿಡಿಯಲಿ?

ಉತ್ತರ: ನಾನು ಎಕ್ಸ್‌ಚೇಂಜ್‌ಗೆ ಹೋಗಿದ್ದೆ. ಕಣ್ಣು ಮುಚ್ಚಿ ಹೋಗಿ ಅನ್ನಲ್ಲ, ಆದರೆ ಅಲ್ಲಿ ಕಲಿತದ್ದು ಕ್ಲಾಸಿನಲ್ಲಿ ಸಿಗುವಂಥದ್ದಲ್ಲ. ನಮ್ಮ ಪ್ರಾಜೆಕ್ಟ್ ತಂಡದಲ್ಲಿ ಎಲ್ಲರೂ ಬೇರೆ ಬೇರೆ ದೇಶದವರು. ಒಂದು ಉತ್ಪನ್ನಕ್ಕೆ ಬೆಲೆ ನಿಗದಿ ಮಾಡಬೇಕಿತ್ತು. ಮೀಟಿಂಗ್‌ನಲ್ಲಿ ಒಬ್ಬ ಎಲ್ಲದಕ್ಕೂ ತಲೆಯಾಡಿಸಿದ. ರಾತ್ರಿ ನನಗೊಬ್ಬನಿಗೇ ಮೆಸೇಜ್ ಮಾಡಿ, 'ಈ ಬೆಲೆಗೆ ನಮ್ಮಲ್ಲಿ ಯಾರೂ ಕೊಳ್ಳಲ್ಲ' ಅಂದ. ಎಲ್ಲರೆದುರು ಇಲ್ಲ ಅನ್ನುವುದು ಅವನ ಅಭ್ಯಾಸವಲ್ಲ. ಅಂದಿನಿಂದ ತೀರ್ಮಾನಕ್ಕೆ ಮೊದಲು ಒಬ್ಬೊಬ್ಬರನ್ನೂ ಬೇರೆಯಾಗಿ ಕೇಳತೊಡಗಿದೆ. ಇಂಟರ್‌ವ್ಯೂಗಳಲ್ಲಿ ಜನ ಆಸಕ್ತಿಯಿಂದ ಕೇಳಿದ್ದು ಇದನ್ನೇ.

ಖರ್ಚಿನ ವಿಷಯ: ಎಕ್ಸ್‌ಚೇಂಜ್‌ನಲ್ಲಿ ಸಾಮಾನ್ಯವಾಗಿ ಫೀಸು ನಿಮ್ಮ ಕಾಲೇಜಿಗೇ ಕಟ್ಟುತ್ತೀರಿ. ಬಾಡಿಗೆ, ವಿಮೆ, ವೀಸಾ, ಟಿಕೆಟ್ ನಿಮ್ಮದು. ಯುರೋಪಿನಲ್ಲಿ ಒಂದು ಸೆಮಿಸ್ಟರ್ ಅಂದರೆ 30 ಇಸಿಟಿಎಸ್ ಕ್ರೆಡಿಟ್ (ಎಷ್ಟು ಓದಿದಿರಿ ಅಂತ ಅಳೆಯುವ ಅಲ್ಲಿನ ಲೆಕ್ಕ). ಅದರಲ್ಲಿ ಎಷ್ಟು ನಿಮ್ಮ ಪದವಿಗೆ ಸೇರುತ್ತದೆ ಅನ್ನುವುದನ್ನು ಹೊರಡುವ ಮೊದಲೇ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಬಾಯಿಮಾತು ಸಾಲದು.

ಇನ್ನೊಬ್ಬರು: ಪ್ಲೇಸ್‌ಮೆಂಟ್ ತಿಂಗಳು ನೋಡಿಕೊಳ್ಳಿ. ಕಂಪನಿಗಳು ಕ್ಯಾಂಪಸ್ಸಿಗೆ ಬರುವಾಗ ನೀವು ಬೇರೆ ಖಂಡದಲ್ಲಿದ್ದರೆ ಕಷ್ಟ ಅಲ್ವಾ?

ಮತ್ತೊಬ್ಬರು: ಹೊರಗೆ ಕೆಲಸ ಬೇಕು ಅಂದಿದ್ದೀರಿ, ಅದಕ್ಕೇ ಇದನ್ನು ಹೇಳಲೇಬೇಕು. ಎಕ್ಸ್‌ಚೇಂಜ್‌ನಿಂದ ಕೆಲಸದ ವೀಸಾ ಬರುವುದಿಲ್ಲ. ಅಮೆರಿಕದಲ್ಲಿ ಎಫ್-1 ಎಂಬ ವಿದ್ಯಾರ್ಥಿ ವೀಸಾದ ಮೇಲೆ ಅಲ್ಲೇ ಪದವಿ ಮುಗಿಸಿದವರು ಒಪಿಟಿ (ಓದಿಗೆ ಸಂಬಂಧಿಸಿದ ಕೆಲಸ ಮಾಡಲು ಕೊಡುವ ಅನುಮತಿ) ಅಡಿಯಲ್ಲಿ 12 ತಿಂಗಳು ಕೆಲಸ ಮಾಡಬಹುದು. ಕೋರ್ಸು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಎಂದು ನೋಂದಾಯಿತವಾಗಿದ್ದರೆ ಇನ್ನೂ 24 ತಿಂಗಳು ಸಿಗಬಹುದು, ಆದರೆ ಕಂಪನಿ ಇ-ವೆರಿಫೈನಲ್ಲಿ (ಕೆಲಸಕ್ಕೆ ಸೇರುವವರ ಅರ್ಹತೆ ಪರಿಶೀಲಿಸುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ಇರಲೇಬೇಕು. ಒಂದು ಕಾಲೇಜಿನ ಎಂಬಿಎ ಸ್ಟೆಮ್ ಆಗಿದ್ದರೆ ಇನ್ನೊಂದರದ್ದು ಆಗಿರದೇ ಇರಬಹುದು. ಹೆಸರು ನೋಡಿ ಸೇರುವ ಮೊದಲು ಇದನ್ನು ಕೇಳಿ. ಕೆಲಸವೇ ಗುರಿಯಾದರೆ ಡಬಲ್ ಡಿಗ್ರಿಗೆ ತೂಕ ಜಾಸ್ತಿ, ಖರ್ಚೂ ಜಾಸ್ತಿ. ಆ ದೇಶದಲ್ಲೇ ಇಂಟರ್ನ್‌ಶಿಪ್ ಸಿಕ್ಕರೆ ಬಿಡಬೇಡಿ. ಅಲ್ಲಿನ ಭಾಷೆಯನ್ನೂ ಈಗಲೇ ಶುರು ಮಾಡಿ. ಕ್ಲಾಸು ಇಂಗ್ಲಿಷಿನಲ್ಲಿ ನಡೆದರೂ ಆಫೀಸು ಅದರಲ್ಲೇ ನಡೆಯುತ್ತದೆ ಅನ್ನುವಂತಿಲ್ಲ.

ಕೊನೆಯದಾಗಿ, ಮೊದಲು ಉತ್ತರಿಸಿದ ನಾನೇ ಇನ್ನೊಂದಿಷ್ಟು ಸೇರಿಸುತ್ತೇನೆ: ಸಿಇಎಂಎಸ್ ಹೆಸರು ಕೇಳಿರುತ್ತೀರಿ, 1988ರಿಂದ ಇರುವ ಬಿಸಿನೆಸ್ ಸ್ಕೂಲ್‌ಗಳ ಒಕ್ಕೂಟ. ಬೇರೆ ದೇಶದಲ್ಲಿ ಓದು, ಕಂಪನಿ ಪ್ರಾಜೆಕ್ಟ್, ಇಂಟರ್ನ್‌ಶಿಪ್ ಎಲ್ಲ ಅದರಲ್ಲೇ ಇದೆ. ಆದರೆ ಅದು ಮ್ಯಾನೇಜ್‌ಮೆಂಟ್ ಮಾಸ್ಟರ್ಸ್ ಓದುವವರಿಗೆ, ಅದೂ ಸದಸ್ಯ ಕಾಲೇಜಿನಲ್ಲಿ ಇರುವವರಿಗೆ ಮಾತ್ರ. ಹಣ, ಸಮಯ ಎರಡೂ ಕಡಿಮೆ ಇದ್ದರೆ ವಾರದ ಕಾರ್ಯಕ್ರಮವನ್ನೂ ಕಡೆಗಣಿಸಬೇಡಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ 2012ರಲ್ಲಿ ಶುರುವಾದ ಗ್ಲೋಬಲ್ ನೆಟ್‌ವರ್ಕ್‌ನ ಕಾಲೇಜುಗಳು ಒಬ್ಬರ ವಿದ್ಯಾರ್ಥಿಗಳಿಗೆ ಇನ್ನೊಬ್ಬರಲ್ಲಿ ಒಂದು ವಾರದ ಪಾಠ ನಡೆಸುತ್ತವೆ. ಸುಮ್ನೆ ಊರು ಸುತ್ತುವ ಟೂರ್ ಬೇಡ, ಕ್ಲಾಸೋ ಪ್ರಾಜೆಕ್ಟೋ ಇರುವಂಥದ್ದು ನೋಡಿ.

ಯಾವ ದೇಶ, ಯಾವ ಕ್ಷೇತ್ರ ಅಂತ ಬರೆಯಿರಿ. ಅಲ್ಲಿಗೆ ಹೋಗಿ ಬಂದವರು ಇನ್ನೂ ಬಿಡಿಸಿ ಹೇಳಬಹುದು.