‘ದುಡಿಮೆಯ ಸ್ತ್ರೀಕರಣ’: ಬೇರೆ ಮಾತು ಇದೆಯಾ?

ಎಲ್ಲರಿಗೂ ನಮಸ್ಕಾರ.

ಜಾಗತೀಕರಣ ಮತ್ತು ಹೆಂಗಸರ ದುಡಿಮೆ ಬಗ್ಗೆ ಒಂದು ಇಂಗ್ಲಿಷ್ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಓದುವವರು ಪೀಣ್ಯದ ಕಡೆ ಗಾರ್ಮೆಂಟ್ಸ್‌ಗೆ ಹೋಗುವವರು. ‘ಫೆಮಿನೈಸೇಷನ್ ಆಫ್ ಲೇಬರ್’ ಅನ್ನುವಲ್ಲಿ ಗಾಡಿ ನಿಂತಿದೆ. ‘ದುಡಿಮೆಯ ಸ್ತ್ರೀಕರಣ’ ಎಂದು ಬರೆದುಕೊಂಡಿದ್ದೆ. ಭಾನುವಾರ ಓದಿ ಹೇಳಿದಾಗ ಹಿಂದೆ ಕೂತಿದ್ದ ಒಬ್ಬರು, “ಸ್ತ್ರೀಕರಣ ಅಂದ್ರೆ ಏನಕ್ಕಾ, ಗಂಡಸರಿಗೆ ಸೀರೆ ಉಡ್ಸೋದಾ?” ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಪದದ ಕಥೆ ಅಲ್ಲಿಗೆ ಮುಗಿಯಿತು.

ಇಂಗ್ಲಿಷಿನಲ್ಲೇ ಇದಕ್ಕೆ ಎರಡು ಅರ್ಥ ಇದೆ. ಗೈ ಸ್ಟ್ಯಾಂಡಿಂಗ್ ಎಂಬ ಅರ್ಥಶಾಸ್ತ್ರಜ್ಞ 1989ರಲ್ಲಿ ಬರೆದ ಲೇಖನದಲ್ಲಿ ಎರಡೂ ಬರುತ್ತವೆ. ಸಂಬಳಕ್ಕೆ ದುಡಿಯುವ ಹೆಂಗಸರು ಹೆಚ್ಚಾಗುವುದು ಒಂದು. ಗಂಡಸರ ಕೆಲಸವೂ ಹಿಂದಿನಿಂದ ಹೆಂಗಸರಿಗೆ ಕೊಡುತ್ತಿದ್ದ ಕೆಲಸದ ಥರ ಆಗುವುದು ಇನ್ನೊಂದು. ಕಾಸು ಕಮ್ಮಿ, ನಾಳೆ ಇದೆಯೋ ಇಲ್ಲವೋ ಗೊತ್ತಿಲ್ಲ. ‘ಸ್ತ್ರೀಕರಣ’ದಲ್ಲಿ ಈ ಎರಡನೆಯದು ಕಾಣುವುದೇ ಇಲ್ಲ.

‘-ಈಕರಣ’ದ ಮೇಲೇ ನನಗೆ ಸ್ವಲ್ಪ ತಕರಾರಿದೆ. ಮರಾಠಿಯವರು ‘ಜಾಗತಿಕೀಕರಣ’ ಅನ್ನುತ್ತಾರೆ, ನಾವು ‘ಕಿ’ ನುಂಗಿದೆವು, ಪರವಾಗಿಲ್ಲ. ಪಾರಸಿ ಕಡೆಯಿಂದ ಬಂದ ‘ಖಾಸಗಿ’ಗೆ ಸಂಸ್ಕೃತದ ಬಾಲ ಕಟ್ಟಿದೆವು, ಅದೂ ಸರಿ. ಆದರೆ ಈ ಬಾಲದ ಅರ್ಥವೇ ‘ಹಾಗಿಲ್ಲದ್ದನ್ನು ಹಾಗೆ ಮಾಡುವುದು’. ಮಾಡುವವರು ಯಾರೋ ಇರಲೇಬೇಕು ಅಲ್ವಾ? ‘ಜಾಗತೀಕರಣದಿಂದ ಹೀಗಾಯಿತು’ ಎಂದು ಬರೆದಾಗ ಅವರು ಮಾಯ. ಏನೋ ಮಳೆ ಸುರಿದು ಹೊಲ ಕೊಚ್ಚಿಹೋದ ಹಾಗೆ!

ಇದನ್ನೇ ಬಿಡಿಸಿ ಹೇಳುತ್ತಿದ್ದಾಗ, ಸೀರೆ ಅಂದವರೇ ತಮ್ಮ ಮನೆ ವಿಷಯ ತೆಗೆದರು. “ನಮ್ಮನೆಯವರು ಮೊದ್ಲು ಪರ್ಮನೆಂಟ್ ಇದ್ರು. ಈಗ ಕಾಂಟ್ರಾಕ್ಟು. ಅವರ್ದೂ ಹೆಣ್ಣಾಳು ಕೂಲೀನೆ ಆಯ್ತು ಬಿಡಿ.” ನಾನು ತಡಕಾಡುತ್ತಿದ್ದ ಎರಡನೆಯ ಅರ್ಥ ಇಷ್ಟೇ ತಾನೇ! ಸಮಾನ ವೇತನದ ಕಾಯಿದೆ ಬಂದಿದ್ದು 1976ರಲ್ಲಿ. ಹೊಲದಲ್ಲಿ ಮಾತ್ರ ಈಗಲೂ ಹೆಣ್ಣಾಳಿಗೆ ಇಷ್ಟು, ಗಂಡಾಳಿಗೆ ಇಷ್ಟು ಅನ್ನುವ ಲೆಕ್ಕ ಹೋಗಿಲ್ಲ. ಹಾಗಾಗಿ ‘ಹೆಣ್ಣಾಳು ಕೂಲಿ’ ಅಂದರೆ ಯಾರಿಗೂ ವಿವರಿಸಬೇಕಾಗಿಲ್ಲ.

ತೊಡಕು ಏನೆಂದರೆ ಅವರು ಅಂದದ್ದನ್ನು ನಾನು ಬರೆಯಬಹುದೇ? ‘ಆಳು’ ಅನ್ನುವುದರಲ್ಲಿ ಒಡೆಯನ ದನಿ ಇದೆ. ಗಾರ್ಮೆಂಟ್ಸ್‌ನವರು ತಮಗೆ ಬರುವುದನ್ನು ‘ಕೂಲಿ’ ಅನ್ನುವುದಿಲ್ಲ, ‘ಸಂಬಳ’ ಅನ್ನುತ್ತಾರೆ. ಹಳ್ಳಿಯ ಕೂಲಿ ಬಿಟ್ಟು ಸಂಬಳಕ್ಕೆ ಬಂದೆವು ಎಂಬ ಹೆಮ್ಮೆ ಅದರಲ್ಲಿದೆ. (ಅಂದಹಾಗೆ, ‘ಗಾರ್ಮೆಂಟ್ಸ್’ ನಮ್ಮಲ್ಲಿ ಬಟ್ಟೆಯಲ್ಲ, ಜಾಗ. ಮೈಮೇಲಿನ ಬಟ್ಟೆಗೆ ಯಾರೂ ಗಾರ್ಮೆಂಟ್ಸ್ ಅನ್ನಲ್ಲ.)

ಇನ್ನೊಂದು ಸಣ್ಣ ಪ್ರಶ್ನೆ. ಬರಹದಲ್ಲಿ ‘ಮಹಿಳಾ ಚಳವಳಿ’ ಜಾಸ್ತಿ ಬರುತ್ತದೆ, ಅದಕ್ಕೆ ಇವರ ಮಾತಿನಲ್ಲಿ ಏನನ್ನೋಣ? ಮಾಲೀಕರ ಪಾಲಿನ ಪಿಎಫ್ ದುಡ್ಡನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ 2016ರ ಏಪ್ರಿಲ್ 18, 19ರಂದು ಹೊಸೂರು ರಸ್ತೆ, ತುಮಕೂರು ರಸ್ತೆ ತುಂಬ ಈ ಹೆಂಗಸರೇ ಇದ್ದರು. ಕೇಂದ್ರ ಸರ್ಕಾರ 19ರಂದೇ ನಿಯಮ ವಾಪಸ್ ಪಡೆಯಿತು. ನನ್ನ ಲೆಕ್ಕದಲ್ಲಿ ಅದು ಅಚ್ಚ ಮಹಿಳಾ ಚಳವಳಿ. ಅವರು ಮಾತ್ರ ‘ನಾವು ರೋಡಿಗೆ ಬಂದಾಗ’ ಅನ್ನುತ್ತಾರೆ. ‘ಬೀದಿಗೆ ಬಂದಾಗ’ ಅನ್ನಬಹುದಲ್ವಾ ಎಂದು ಕೇಳಿದೆ. “ಅಯ್ಯೋ, ಬೀದಿಗೆ ಬರೋದು ಅಂದ್ರೆ ಸಂಸಾರ ಹಾಳಾಗೋದು” ಅಂದರು. ನಾವು ಸುಮ್ನೆ ‘ಬೀದಿಗಿಳಿದ ಮಹಿಳೆಯರು’ ಎಂದು ಬರೆದುಬಿಡುತ್ತೇವೆ.

ಸದ್ಯಕ್ಕೆ ಮೊದಲ ಅರ್ಥಕ್ಕೆ ‘ದುಡಿಯುವ ಹೆಂಗಸರು ಹೆಚ್ಚಾಗಿದ್ದು’ ಎಂದೂ ಎರಡನೆಯದಕ್ಕೆ ‘ಎಲ್ಲರದೂ ಹೆಣ್ಣಾಳು ಕೂಲಿಯಾಗಿದ್ದು’ ಎಂದೂ ಇಟ್ಟಿದ್ದೇನೆ. ಉದ್ದ ಆಯಿತು, ಗೊತ್ತು. ಉತ್ತರ ಕರ್ನಾಟಕದವರು ‘ಪಗಾರ’ ಹಚ್ಚಿ ಏನಾದರೂ ಹೇಳುತ್ತೀರಾ? ಕರಾವಳಿಯಲ್ಲಿ ಬೀಡಿ ಕಟ್ಟುವವರ ಬಾಯಲ್ಲಿ ಇಂಥ ಮಾತು ಕೇಳಿದ್ದೀರಾ? ಮುಂದಿನ ಭಾನುವಾರ ಮತ್ತೆ ಓದಬೇಕು, ಅಷ್ಟರೊಳಗೆ ತಿಳಿಸಿದರೆ ಒಳ್ಳೆಯದು.