ಸಹಾಯ ಬೇಕು: ಏರಿನಲ್ಲಿ ಸೋಲುವ ಕಾರು ಪೆಟ್ರೋಲ್ ಮಾತ್ರ ಗಟಗಟ ಕುಡಿಯುತ್ತಿದೆ

ಹುಬ್ಬಳ್ಳಿ-ಧಾರವಾಡದ ಬಲ್ಲವರಿಗೆಲ್ಲ ನಮಸ್ಕಾರ. ನನ್ನದು ಹತ್ತು ವರ್ಷ ಹಳೆಯ 1.6 ಲೀಟರ್ ಪೆಟ್ರೋಲ್ ಕಾರು, ವೇರಿಯಬಲ್ ವಾಲ್ವ್ ಟೈಮಿಂಗ್ (ವಾಲ್ವ್ ತೆರೆದು ಮುಚ್ಚುವ ಹೊತ್ತನ್ನು ಎಂಜಿನ್ ವೇಗಕ್ಕೆ ತಕ್ಕಂತೆ ಬದಲಿಸುವ ವ್ಯವಸ್ಥೆ) ಇರುವ ಎಂಜಿನ್. ಓಡಿಸುವ ಹುಚ್ಚಿಗೇ ಕೊಂಡದ್ದೆಂದು ಮನೆಯಲ್ಲಿ ಇನ್ನೂ ಬೈಸಿಕೊಳ್ಳುತ್ತೇನೆ. ಎರಡು ತಿಂಗಳಿಂದ ನವಲೂರಿನ ಏರಿನಲ್ಲಿ ಮೂರನೇ ಗೇರ್‌ನಲ್ಲೂ ಏದುಸಿರು ಬಿಡುತ್ತಿದೆ. 4,500 ಆರ್‌ಪಿಎಂ ದಾಟಿದರೆ ಮಾತ್ರ ಹಳೆಯ ಓಟ ಮರಳುತ್ತದೆ. ಲೀಟರಿಗೆ 14 ಕಿಲೋಮೀಟರ್ ಕೊಡುತ್ತಿದ್ದದ್ದು 10ಕ್ಕೆ ಇಳಿದಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಸೆಕೆಂಡ್, ಡಬ್ಬಿಯಲ್ಲಿ ಕಡಲೆ ಅಲುಗಿಸಿದಂಥ ಸದ್ದು.

ಎಂಜಿನ್ ಆಯಿಲ್‌ನ ಒತ್ತಡವೇ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟನ್ನು ತುಸು ಹಿಂದೆ ಮುಂದೆ ತಿರುಗಿಸುತ್ತದೆ ಎಂಬುದು ಗೊತ್ತು. ಮಧ್ಯಮ ವೇಗದಲ್ಲಿ ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್ ಬೇಗ ಮುಚ್ಚಿದರೆ ಎಳೆತ ಹೆಚ್ಚು. ಎಂಜಿನ್ ಜೋರಾಗಿ ತಿರುಗುವಾಗ ತಡವಾಗಿ ಮುಚ್ಚಿದರೆ ಗಾಳಿ ಹೆಚ್ಚು ತುಂಬಿ ಶಕ್ತಿ ಬರುತ್ತದೆ. ಹಾಗಾದರೆ ನನ್ನ ಕ್ಯಾಮ್ ‘ತಡ’ದಲ್ಲೇ ಸಿಕ್ಕಿಕೊಂಡಿದೆಯೇ?

ಗೋಕುಲ ರಸ್ತೆಯ ಮೆಕ್ಯಾನಿಕ್ ಒಬ್ಬರು ಈ ಆಯಿಲ್‌ನ ಹರಿವನ್ನು ನಿಯಂತ್ರಿಸುವ ಆಯಿಲ್ ಕಂಟ್ರೋಲ್ ವಾಲ್ವ್ ಬಿಚ್ಚಿ, ಟಾರ್ಚ್ ಹಿಡಿದು ತೋರಿಸಿದರು. ಉಗುರಿನಷ್ಟಗಲದ ಜಾಲರಿಯ ತುಂಬ ಡಾಂಬರಿನಂಥ ಕೆಸರು. ಕಳೆದ ಸಲ 5ಡಬ್ಲ್ಯು-30 ಬದಲು ದಪ್ಪನೆಯ 20ಡಬ್ಲ್ಯು-50 ಆಯಿಲ್ ಹಾಕಿಸಿದ್ದೆ. ಅಗ್ಗಕ್ಕೆ ಮರುಳಾದ ತಪ್ಪು ನನ್ನದೇ. ಈಗ ಫೇಸರ್ (ಆಯಿಲ್ ಒತ್ತಡದಿಂದ ಕ್ಯಾಮ್ ಹಿಂದೆ ಮುಂದೆ ಸರಿಸುವ ಭಾಗ), ಟೈಮಿಂಗ್ ಚೈನ್ ಎಲ್ಲವನ್ನೂ ಬದಲಿಸಬೇಕು ಎನ್ನುತ್ತಾರೆ. ಅಷ್ಟು ದುಡ್ಡು ಸುರಿಯುವ ಮೊದಲು ವಾಲ್ವ್ ತೊಳೆದು, ಸರಿಯಾದ ಆಯಿಲ್ ಹಾಕಿ ಸಾವಿರ ಕಿಲೋಮೀಟರ್ ಓಡಿಸಿ ನೋಡಬಹುದೇ? ಆ ಸದ್ದು ಇರುವಾಗ ಹಾಗೆ ಓಡಿಸುವುದು ಅಪಾಯವೇ?

ಸ್ಕ್ಯಾನರ್ ಜೋಡಿಸಿ, ಕ್ಯಾಮ್ ನಿಜಕ್ಕೂ ಎಷ್ಟು ಡಿಗ್ರಿ ತಿರುಗುತ್ತಿದೆ ಎಂದು ನೋಡಿ ಹೇಳಬಲ್ಲವರು ಅವಳಿ ನಗರದಲ್ಲಿ ಯಾರಾದರೂ ಇದ್ದರೆ ತಿಳಿಸಿ. ಗದಗದವರೆಗೂ ಬರಲು ಸಿದ್ಧ, ಏರಿಲ್ಲದ ದಾರಿಯಾದರೆ.