ಚಮಚದ ನೀರು, ಟೆರೇಸಿನ ಕಾಗೆ

ಚಿಕ್ಕಪ್ಪ: (ಫಾರ್ವರ್ಡ್ ಮಾಡಿದ ವಿಡಿಯೊ) ಬಿಸಿಲಿಗೆ ಬಿದ್ದ ಹದ್ದಿಗೆ ಈ ಪುಣ್ಯಾತ್ಮ ಚಮಚದಲ್ಲಿ ನೀರು ಕುಡಿಸುತ್ತಿದ್ದಾನೆ ನೋಡಿ. ಎಲ್ಲರಿಗೂ ಕಳಿಸಿ 🙏

ನಾನು: ಚಿಕ್ಕಪ್ಪ, ದಯವಿಟ್ಟು ಇದನ್ನು ಮುಂದಕ್ಕೆ ಕಳಿಸಬೇಡಿ. ಹಕ್ಕಿಯ ಉಸಿರುನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುತ್ತದೆ. ಹೀಗೆ ಸುರಿದ ನೀರು ಶ್ವಾಸಕೋಶಕ್ಕೆ ಇಳಿದರೆ ಹಕ್ಕಿ ಸತ್ತೇ ಹೋಗಬಹುದು.

ಚಿಕ್ಕಪ್ಪ: ಬಾಯಾರಿದವರಿಗೆ ನೀರು ಕೊಡುವುದೂ ತಪ್ಪಾ ಈಗ? ನಮ್ಮಮ್ಮ ಅಂಗಳದಲ್ಲಿ ಬಿದ್ದ ಗುಬ್ಬಿಗೆಲ್ಲ ನೀರು ಬಿಡುತ್ತಿದ್ದಳು.

ಅಣ್ಣ: ಅವುಗಳಲ್ಲಿ ಎಷ್ಟು ಹಾರಿ ಹೋದವು ಚಿಕ್ಕಪ್ಪ? 😄

ಚಿಕ್ಕಪ್ಪ: ನೀನು ಸುಮ್ನಿರು.

ಅಮ್ಮ: ಮತ್ತೇನು ಮಾಡಬೇಕು ಅಂತ ಹೇಳು. ಬರೀ ಬೇಡ ಬೇಡ ಅಂದರೆ ಆಯಿತಾ?

ನಾನು: ಟವೆಲ್ಲಿನಿಂದ ತಲೆ ಮುಚ್ಚಿ ಹಿಡಿಯಬೇಕು. ಕತ್ತಲಾದರೆ ಸುಮ್ಮನಾಗುತ್ತದೆ. ಹದ್ದಿನ ಕೊಕ್ಕಿಗಿಂತ ಕಾಲಿನ ಉಗುರಿಗೆ ಜಾಸ್ತಿ ಹೆದರಬೇಕು. ತೂತು ಮಾಡಿದ ರಟ್ಟಿನ ಡಬ್ಬದಲ್ಲಿಟ್ಟು, ಸದ್ದಿಲ್ಲದ ಕಡೆ ಬಿಡಿ. ಗಾಳಿಪಟದ ಮಾಂಜಾ ದಾರ ಸುತ್ತಿಕೊಂಡಿದ್ದರೆ ಎಳೆಯಬೇಡಿ, ರೆಕ್ಕೆಯನ್ನು ಇನ್ನಷ್ಟು ಕೊಯ್ಯುತ್ತದೆ. ಉದ್ದ ನೇತಾಡುವ ದಾರ ಮಾತ್ರ ಕತ್ತರಿಸಿ, ಉಳಿದದ್ದು ವೈದ್ಯರಿಗೆ. ಅನ್ನ, ಹಾಲು, ಬ್ರೆಡ್ಡು ಏನೂ ಬೇಡ.

ಚಿಕ್ಕಪ್ಪ: ಬರೆಯುವುದು ಸುಲಭ. ಹೋದ ವರ್ಷ ಗೂಬೆ ಬಿದ್ದಾಗ ನಾಲ್ಕು ಕಡೆ ಫೋನ್ ಮಾಡಿದೆ. ಒಬ್ಬರೂ ಬರಲಿಲ್ಲ. ರಾತ್ರಿಯಿಡೀ ನಾನೇ ಪಕ್ಕದಲ್ಲಿ ಕೂತಿದ್ದೆ.

ನಾನು: ಅದಕ್ಕೆ ನನ್ನ ಹತ್ತಿರವೂ ಉತ್ತರವಿಲ್ಲ. ಬೆಂಗಳೂರಾದರೆ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನವರ ಕಾಡುಪ್ರಾಣಿ ಆಸ್ಪತ್ರೆ ಇದೆ, ಡಬ್ಬದ ಸಮೇತ ನಾವೇ ಆಟೋದಲ್ಲಿ ಒಯ್ಯಬಹುದು. ನಿಮ್ಮೂರಲ್ಲಿ ಕಷ್ಟ. ಆದರೂ ಅವತ್ತು ನೀರು ಹಾಕದೆ ಇದ್ದಿದ್ದರೆ...

ಚಿಕ್ಕಪ್ಪ: ಹಾಕಿದ್ದೆ.

ಮೈಸೂರು ಅತ್ತೆ: ಜಗಳ ಆಮೇಲೆ ಆಡಿ. ನಮ್ಮ ಟೆರೇಸಿನಲ್ಲಿ ಕಾಗೆ ಸತ್ತು ಬಿದ್ದಿದೆ. ಮುಟ್ಟಿದರೆ ತಲೆಸ್ನಾನ ಮಾಡಬೇಕು ಅಂದರೂ ಕೇಳದೆ ಇವರು ಬರಿಗೈಲಿ ಎತ್ತಲು ಹೊರಟಿದ್ದಾರೆ.

ನಾನು: ತಡೀರಿ ಅತ್ತೆ! ಒಂದೇನಾ, ಸುತ್ತಮುತ್ತ ಬೇರೆ ಇವೆಯಾ?

ಮೈಸೂರು ಅತ್ತೆ: ಒಂದೇ. ಯಾಕೆ?

ನಾನು: ನಾಲ್ಕಾರು ಒಟ್ಟಿಗೆ ಬಿದ್ದಿದ್ದರೆ ಮುಟ್ಟದೆ ಪಶುಸಂಗೋಪನೆ ಇಲಾಖೆಗೆ ತಿಳಿಸಬೇಕು. ಹಕ್ಕಿಜ್ವರ ಇರಬಹುದು.

ಮೈಸೂರು ಅತ್ತೆ: ಅಯ್ಯೋ, 2020ರಲ್ಲಿ ಕುಂಬಾರಕೊಪ್ಪಲಿನಲ್ಲಿ ಕೋಳಿಗಳನ್ನೆಲ್ಲ ಕೊಂದದ್ದು ಅದಕ್ಕೇ ಅಲ್ವಾ?

ನಾನು: ಅದೇ. ಒಂದೇ ಆದರೂ ಬರಿಗೈ ಬೇಡ. ಮಾಸ್ಕ್ ಹಾಕಿಕೊಳ್ಳಲಿ. ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ ಕಾಗೆ ಹಿಡಿದು, ಚೀಲವನ್ನು ಒಳಹೊರಗು ತಿರುಗಿಸಿ ಗಂಟು ಹಾಕಿ, ಇನ್ನೊಂದು ಚೀಲಕ್ಕೆ ಹಾಕಲಿ. ಆಮೇಲೆ ಸೋಪು. ನಿಮ್ಮ ತಲೆಸ್ನಾನವೂ ಇರಲಿ.

ಮೈಸೂರು ಅತ್ತೆ: ಇವರು ವಾಪಸ್ ಓಡಿ ಬಂದರು. ಊರಿನ ಕಾಗೆಗಳೆಲ್ಲ ಸೇರಿ ತಲೆ ಕುಕ್ಕಲು ಬರುತ್ತಿವೆಯಂತೆ!

ಚಿಕ್ಕಪ್ಪ: ಕೊಡೆ ಹಿಡಿದುಕೊಂಡು ಹೋಗಲು ಹೇಳಕ್ಕ.